ತೋಟದ ಶೆಡ್ಡಿನ ಜೀಪು: ಎಲ್ಲಿಂದ ಬಿಚ್ಚಬೇಕು, ಎಲ್ಲಿ ನಿಲ್ಲಿಸಬೇಕು

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ತಾತನ ಹೆಸರಿನಲ್ಲಿರುವ 1989ರ ಮಹೀಂದ್ರ ಎಂಎಂ 540 ಜೀಪು ಅವರು ಹೋದ ಮೇಲೆ ಶೆಡ್ಡಿನಲ್ಲೇ ನಿಂತಿದೆ, ಏಳೆಂಟು ವರ್ಷವಾಯಿತು. ನೆಲದ ತಗಡು ತುಕ್ಕು ತಿಂದಿದೆ, ಬ್ರೇಕ್ ಪೆಡಲ್ ತುಳಿದರೆ ನೆಲಕ್ಕೇ ಹೋಗುತ್ತದೆ, ಫೋರ್‌ವೀಲ್ ಲಿವರ್ ಅಲುಗುವುದಿಲ್ಲ. ನಿಲ್ಲಿಸುವ ಮುಂಚೆ ನಲವತ್ತು ದಾಟಿದರೆ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಪೂರ್ತಿ ಬಿಚ್ಚಿ, ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿ, ಭಾನುವಾರ ಭಾನುವಾರ ಕೂತು ನಾನೇ ಕಟ್ಟಬೇಕೆಂದು ಆಸೆ. ಇಲ್ಲಿನ ಮೇಸ್ತ್ರಿ ‘ಹಳೇ ಎಂಜಿನ್ ಗುಜರಿಗೆ ಹಾಕಿ, ಬೊಲೆರೊ ಎಂಜಿನ್ ಕೂರಿಸೋಣ’ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮನೆಯಲ್ಲೇ ಮಾಡಬಹುದು. ಈ ಜೀಪು ಅದಕ್ಕೆ ಹೇಳಿ ಮಾಡಿಸಿದ್ದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಒಂದು ಒಳ್ಳೆಯ ಸ್ಪ್ಯಾನರ್ ಸೆಟ್ಟು, ಎರಡು ಜಾಕಿ, ಒಂದು ಪುಲ್ಲರ್ ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಆದರೆ ‘ಪೂರ್ತಿ ಬಿಚ್ಚಿ’ ಅಂದಿರಲ್ಲ, ಅದನ್ನು ಮಾತ್ರ ಬೇಡ ಅನ್ನುತ್ತೇನೆ. ‘ಎಲ್ಲ ಸಾಮಾನೂ ಇದೆ, ಜೋಡಿಸಿಕೊಂಡರಾಯಿತು’ ಎಂದು ಮಾರಾಟಕ್ಕೆ ಬರುವ ಜೀಪುಗಳನ್ನು ನೋಡಿರುತ್ತೀರಿ. ಅವೆಲ್ಲ ಹೀಗೇ ಉತ್ಸಾಹದಲ್ಲಿ ಒಂದೇ ವಾರ ಬಿಚ್ಚಿ ಹಾಕಿದವು. ಬಿಚ್ಚುವುದಕ್ಕೆ ಒಬ್ಬರು ಸಾಕು, ಎರಡು ದಿನ ಸಾಕು. ಜೋಡಿಸುವ ಹೊತ್ತಿಗೆ ಯಾವ ಬೋಲ್ಟು ಎಲ್ಲಿಯದು ಎಂದು ಯಾರಿಗೂ ನೆನಪಿರುವುದಿಲ್ಲ, ಕೊಯ್ಲು ಬಂದಿರುತ್ತದೆ, ದುಡ್ಡು ಮುಗಿದಿರುತ್ತದೆ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ. ಅದು ಕೂತು, ಜೀಪು ಮತ್ತೆ ನಾಲ್ಕು ಚಕ್ರದ ಮೇಲೆ ಉರುಳಿದ ಮೇಲೆ ಮುಂದಿನದು. ನಿಲ್ಲುವುದು ಮೊದಲು, ತಿರುಗುವುದು ಆಮೇಲೆ, ಓಡುವುದು ಅದರ ಆಮೇಲೆ, ಚೆಂದ ಕಾಣುವುದು ಕಟ್ಟಕಡೆಗೆ.

ಅದಕ್ಕೂ ಮುಂಚೆ ಕಾಗದ. ಜೀಪು ಇನ್ನೂ ತಾತನ ಹೆಸರಿನಲ್ಲಿದೆ. ಮಾಲೀಕರು ತೀರಿಕೊಂಡಾಗ ವಾರಸುದಾರರು ಮೂರು ತಿಂಗಳೊಳಗೆ ಫಾರಂ 31ರಲ್ಲಿ ಆರ್‌ಟಿಒಗೆ ಅರ್ಜಿ ಹಾಕಬೇಕಿತ್ತು. ಅದು ತಪ್ಪಿರುವುದರಿಂದ ದಂಡ ಕಟ್ಟಿಯೇ ಸರಿಮಾಡಿಸಿಕೊಳ್ಳಬೇಕು. ಮರಣ ಪತ್ರ, ವಂಶವೃಕ್ಷ, ಮಿಕ್ಕ ವಾರಸುದಾರರ ಒಪ್ಪಿಗೆ ಪತ್ರ ಒಟ್ಟು ಮಾಡಿ. ಮನೆಯೊಳಗಿನ ಒಪ್ಪಿಗೆ ಸಿಗುವುದೇ ಕೆಲವೊಮ್ಮೆ ಆಕ್ಸಲ್ಲಿನ ಕ್ರೌನ್-ಪಿನಿಯನ್ ಗೇರು ಸೆಟ್ ಮಾಡುವುದಕ್ಕಿಂತ ಕಷ್ಟ, ಹಾಗಾಗಿ ಇದನ್ನು ಈಗಲೇ ಶುರು ಮಾಡಿ. ಎರಡನೆಯದು ನೋಂದಣಿಯ ಅವಧಿ. ಮೊದಲ ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ಫಾರಂ 25ರಲ್ಲಿ ನವೀಕರಣ. ಕಾರು, ಜೀಪುಗಳಿಗೆ ಇದರ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಲಘು ವಾಹನಕ್ಕೆ 2025ರಲ್ಲಿ 10,000 ಆಯಿತು. ಜೊತೆಗೆ ತಡ ಮಾಡಿದ್ದಕ್ಕೆ ತಿಂಗಳ ಲೆಕ್ಕದ ದಂಡ, ಹಸಿರು ತೆರಿಗೆ. ‘ವಿಂಟೇಜ್ ಎಂದು ಮಾಡಿಸಿಬಿಡಿ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಮಾತ್ರ, ಹಾಗೆ ನೋಂದಾಯಿಸಿದ್ದನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ.

ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ನೀವೂ ಇವತ್ತೇ ಅದನ್ನು ಮಾಡಿ. ವೈರ್ ಬ್ರಶ್ಶಿನಲ್ಲಿ ಮೆತ್ತಗೆ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಅಚ್ಚು ತೆಗೆದು ಆರ್‌ಸಿಯೊಂದಿಗೆ ತಾಳೆ ನೋಡಿ. ಆಮೇಲೆ ಆ ಜಾಗಕ್ಕೆ ಗ್ರೀಸ್ ಹಚ್ಚಿ ಟೇಪ್ ಸುತ್ತಿ. ಗ್ರೈಂಡರ್ ಹಿಡಿದ ಟಿಂಕರಿಂಗ್ ಹುಡುಗನಿಗೆ ಅಲ್ಲಿ ನಂಬರಿದೆ ಎಂದು ಗೊತ್ತಿರುವುದಿಲ್ಲ. ನಂಬರ್ ಅಳಿಸಿ ಹೋದ ಜೀಪು ಎಷ್ಟೇ ಚೆನ್ನಾಗಿದ್ದರೂ ತೋಟದ ಗೇಟು ದಾಟುವಂತಿಲ್ಲ.

ಬೊಲೆರೊ ಎಂಜಿನ್ ವಿಚಾರಕ್ಕೂ ಇದೇ ಕಾಗದ ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಕಾನೂನು ಪಕ್ಕಕ್ಕಿಡಿ ಅಂದರೂ ನನ್ನ ಅಭಿಪ್ರಾಯ ಬದಲಾಗದು. ನಿಮ್ಮ ಜೀಪಿನಲ್ಲಿರುವುದು ಫ್ರಾನ್ಸಿನ ಪ್ಯೂಜೊ ಕಂಪನಿ ಮೂಲದ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರು, ಹೆಸರಿನಲ್ಲಿರುವುದೂ ಅದೇ. 2112 ಸಿಸಿ, ಸುಮಾರು 62 ಅಶ್ವಶಕ್ತಿ. ಏರಿನಲ್ಲಿ ಉಸಿರು ಬಿಡುತ್ತದೆ, ನಿಜ. ಆದರೆ ಕಾಫಿ ಮೂಟೆ ಹೊತ್ತು ಲೋ ಗೇರಿನಲ್ಲಿ ಹತ್ತುವ ಜೀಪಿಗೆ ಇನ್ನೆಷ್ಟು ಬೇಕು? ಬೇರೆ ಎಂಜಿನ್ ಕೂರಿಸಿದರೆ ಮೌಂಟು ಕಡಿಯಬೇಕು, ರೇಡಿಯೇಟರ್ ಬದಲಿಸಬೇಕು, ಎಂಜಿನ್ ಎಳೆತವನ್ನು ಆಕ್ಸಲ್ಲಿಗೆ ಒಯ್ಯುವ ಜಾಯಿಂಟ್ ಶಾಫ್ಟಿನ ಉದ್ದ ತಿದ್ದಬೇಕು. ಹೆಚ್ಚಿನ ಎಳೆತವನ್ನೆಲ್ಲ ಹಳೆಯ ಗೇರ್‌ಬಾಕ್ಸೂ ಹಿಂದಿನ ಹೌಸಿಂಗೂ (ಆಕ್ಸಲ್ ಕೂತ ಕವಚ) ತಡೆಯಬೇಕು. ಒಂದು ರಿಪೇರಿ ಹತ್ತಾಗುವುದು ಹೀಗೆ. ಹರಿಯಾಣದ ಮಂಡಿ ಡಬ್ವಾಲಿ ಕಡೆಯಿಂದ ಬರುವ ಝಗಮಗ ಜೀಪುಗಳ ವಿಡಿಯೊ ನೋಡಿ ಆಸೆಪಡುವವರಿಗೂ ನನ್ನದು ಇದೇ ಮಾತು.

ಇನ್ನು ಕೆಲಸ. ಜಾಕಿ ಇಡುವ ಮುಂಚೆ ಒಂದು ಎಚ್ಚರಿಕೆ. ಈ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರು ಪೆಟ್ಟಿಗೆ) ಹಿಂದೆ ಜಾಯಿಂಟ್ ಶಾಫ್ಟಿಗೆ ಕೂತ ಡ್ರಮ್ಮನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದಿರೋ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ತನ್ನ ಕೆಲಸ ಮಾಡುತ್ತದೆ: ಎತ್ತಿದ ಚಕ್ರ ಹಿಮ್ಮುಖ ತಿರುಗಿ, ನೆಲದ ಮೇಲಿನದು ಮುಂದಕ್ಕೆ ಉರುಳಿ, ಹ್ಯಾಂಡ್‌ಬ್ರೇಕ್ ಹಾಕಿದ ಜೀಪು ಜಾಕಿಯಿಂದ ಜಾರುತ್ತದೆ. ತೋಟದ ಶೆಡ್ಡಿನ ನೆಲ ಮಟ್ಟಸವಾಗಿರುವುದು ಅಪರೂಪ. ಚಕ್ರದ ಹಿಂದೆ ಮುಂದೆ ಮರದ ಅಡ್ಡೆ ಕೊಡದೆ, ಚಾಸಿಗೆ ಸ್ಟ್ಯಾಂಡ್ ಇಡದೆ ಅಡಿಗೆ ಹೋಗಬೇಡಿ. ಕಲ್ಲು, ಇಟ್ಟಿಗೆ, ಹಾಲೋ ಬ್ಲಾಕ್ ಸ್ಟ್ಯಾಂಡ್ ಅಲ್ಲ. ಬ್ಲಾಕು ಸೂಚನೆಯೇ ಕೊಡದೆ ಒಡೆಯುತ್ತದೆ.

ಮೊದಲ ಭಾನುವಾರ ಏನನ್ನೂ ಬಿಚ್ಚದೆ ಚಾಸಿ ಅಳೆಯಿರಿ. ಜೀಪನ್ನು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಮುಂದಿನ ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ಪಿನ್ನು ಮತ್ತು ಹಿಂದಿನ ಪಟ್ಟಿಗಳ ಪಿನ್ನಿನಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು, ಕೆಳಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಜೀಪನ್ನು ಆಚೆ ತಳ್ಳಿ, ಗುರುತುಗಳ ನಡುವೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಅರ್ಧ ಸೆಂಟಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಸೆಂಟಿಮೀಟರ್ ಬಂದರೆ ಚಾಸಿ ಸೊಟ್ಟಗಾಗಿದೆ, ಅದನ್ನು ಎಳೆಸುವವರೆಗೆ ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ. ಆಮೇಲೆ ಒಂದು ಸಣ್ಣ ಸುತ್ತಿಗೆ ಹಿಡಿದು ಚಾಸಿ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಬೊದ್ದು ಶಬ್ದ ಕೊಡುತ್ತದೆ. ಕಮಾನು ಪಟ್ಟಿಯ ಬ್ರಾಕೆಟ್ಟುಗಳ ಸುತ್ತ, ಹಿಂದಿನ ಅಡ್ಡಪಟ್ಟಿ, ಬಾಡಿ ಕೂರುವ ರಬ್ಬರಿನ ಕೆಳಗೆ, ಸ್ಟೀರಿಂಗ್ ಬಾಕ್ಸ್ ಕಚ್ಚಿಕೊಂಡ ಜಾಗ, ಇಷ್ಟನ್ನು ಬಿಡದೆ ನೋಡಿ. ನಮ್ಮ ಕಡೆಯ ಕೆಂಪು ಮಣ್ಣು ಚಾಸಿ ಚಾನಲ್ಲಿನೊಳಗೆ ಗಟ್ಟಿಯಾಗಿ ಕೂತು ವರ್ಷವಿಡೀ ತೇವ ಹಿಡಿದಿರುತ್ತದೆ. ಅದನ್ನೆಲ್ಲ ಕೆರೆದು ತೆಗೆದ ಮೇಲೇ ನಿಜ ಸ್ಥಿತಿ ಗೊತ್ತಾಗುವುದು.

ನಿಂತಲ್ಲೇ ಎಂಜಿನ್ ಎಬ್ಬಿಸಿ ನೋಡುವುದು ಸುಲಭ, ಅವಸರ ಮಾಡದಿದ್ದರೆ; ಓಡಿಸುವುದು ಮಾತ್ರ ಬ್ರೇಕ್ ಆದ ಮೇಲೇ. ನಾಲ್ಕೂ ಇಂಜೆಕ್ಟರ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಮರುದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ತಿರುಗಿದರೆ ಗೆದ್ದಿರಿ; ತಿರುಗದಿದ್ದರೆ ಸ್ಟಾರ್ಟರ್ ಹೊಡೆಯಬೇಡಿ, ಇನ್ನೆರಡು ದಿನ ಎಣ್ಣೆ ನೆನೆಯಲಿ. ಹಳೆಯ ಡೀಸೆಲ್ ಪೂರ್ತಿ ಚೆಲ್ಲಿ, ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಿರಿ. ಏಳೆಂಟು ವರ್ಷ ನಿಂತ ಡೀಸೆಲ್ ಪಂಪಿನೊಳಗೆ ಭಾಗಗಳು ಅಂಟಿಕೊಂಡಿದ್ದರೆ ಸ್ಟಾರ್ಟ್ ಆದ ಎಂಜಿನ್ ಕೀ ತೆಗೆದರೂ ನಿಲ್ಲದೆ ಕಿರುಚುತ್ತಾ ಏರಬಹುದು. ಹಾಗಾಗಿ ಮೊದಲ ಸ್ಟಾರ್ಟಿಗೆ ಏರ್ ಕ್ಲೀನರ್ ಬಿಚ್ಚಿಟ್ಟು, ಗಾಳಿಯ ಬಾಯಿ ಮುಚ್ಚಲು ಒಂದು ದಪ್ಪ ಹಲಗೆ ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿರಲಿ. ಕೈ ಅಡ್ಡ ಕೊಡುವುದು ಬೇಡವೇ ಬೇಡ. ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಸಣ್ಣ ಆವಿ ಸಹಜ. ಬೀಡಿ ಸೇದಿದ ಹಾಗೆ ಬುಸುಬುಸು ಹೊಗೆ ಬಂದರೆ ರಿಂಗು, ಬೋರು ಸವೆದಿದೆ. ಆಗ ಕಂಪ್ರೆಷನ್ ಅಳೆಸಿ, ಆಮೇಲೇ ಓವರಾಲಿಂಗ್ ಮಾತು. ಬರೀ ಕಪ್ಪು ಹೊಗೆಗೆ ಎಂಜಿನ್ ಬಿಚ್ಚಬೇಡಿ. ಇಂಜೆಕ್ಟರ್, ಪಂಪನ್ನು ಕ್ಯಾಲಿಬ್ರೇಷನ್ ಬೆಂಚಿಗೆ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ.

ಬ್ರೇಕು. ಇದರಲ್ಲಿ ಅರ್ಧಂಬರ್ಧ ಕೆಲಸ ಇಲ್ಲ. ಹಳೆಯ ಜೀಪುಗಳ ಹೈಡ್ರಾಲಿಕ್ ಒಂದೇ ಲೈನಿನದು. ಎಲ್ಲೋ ಒಂದು ಹೋಸು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಯಿತು. ಆದ್ದರಿಂದ ಮಾಸ್ಟರ್ ಸಿಲಿಂಡರ್, ನಾಲ್ಕೂ ವೀಲ್ ಸಿಲಿಂಡರ್, ಎಲ್ಲ ರಬ್ಬರ್ ಹೋಸು ಒಟ್ಟಿಗೇ ಹೊಸದು ಹಾಕಿ. ಬರೀ ವಾಷರ್ ಕಿಟ್ ಬದಲಿಸಿದರೆ ಸಾಕು ಅನ್ನುತ್ತಾರೆ. ಸಿಲಿಂಡರಿನೊಳಗೆ ಬೆರಳಾಡಿಸಿ ಉಗುರಿಗೆ ಗುಳಿ ತಾಗಿದರೆ ಯಾವ ಕಿಟ್ಟೂ ನಿಲ್ಲದು. ಪೈಪು ಬದಲಿಸುವಾಗ ಫ್ರಿಜ್ ರಿಪೇರಿಯ ತಾಮ್ರದ ಟ್ಯೂಬ್ ಹಾಕಿಕೊಡುವವರಿದ್ದಾರೆ. ಬೇಡ. ನಡುಕಕ್ಕೆ ತಾಮ್ರ ಬಿರಿಯುತ್ತದೆ. ಸ್ಟೀಲ್ ಪೈಪೇ ಇರಲಿ, ತುದಿಗೆ ಡಬಲ್ ಫ್ಲೇರ್ (ಎರಡು ಮಡಿಕೆಯಾಗಿ ಅಗಲಿಸಿದ ಬಾಯಿ) ಇರಲಿ. ಡಾಟ್ 3 ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಲೆನಾಡಿನಲ್ಲಿ ಕೇಳುವುದೇ ಬೇಡ. ಸೀಲ್ ಒಡೆದ ಡಬ್ಬಿ ಮುಂದಿನ ವರ್ಷಕ್ಕೆ ಎತ್ತಿಡಬೇಡಿ, ಜೀಪಿನಲ್ಲಿರುವುದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ.

ಈಗ ಸ್ಟೀರಿಂಗ್ ನಡುಕ. ಇದಕ್ಕೆ ಊರಲ್ಲೆಲ್ಲ ಮದ್ದು ‘ಸ್ಟೀರಿಂಗ್ ಬಾಕ್ಸ್ ಬದಲಿಸಿ’. ನೂರರಲ್ಲಿ ಬಾಕ್ಸಿನ ತಪ್ಪು ಕೆಲವೇ. ಮುಂದಿನ ಹೌಸಿಂಗಿನ ತುದಿಯಲ್ಲಿ ಚಕ್ರ ಎಡಬಲ ತಿರುಗುವ ಕೀಲು, ಅಂದರೆ ಕಿಂಗ್ ಪಿನ್, ಅದರ ಬೇರಿಂಗಿನದೇ ಹೆಚ್ಚು. ಪರೀಕ್ಷೆ ಹೀಗೆ. ಮುಂದಿನ ಚಕ್ರ ಎತ್ತಿ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿ. ಆಟ ಇದ್ದರೆ ಮನೆಯವರೊಬ್ಬರು ಬ್ರೇಕ್ ತುಳಿದು ಹಿಡಿಯಲಿ, ಮತ್ತೆ ಅಲುಗಿಸಿ. ಆಟ ಮಾಯವಾದರೆ ವೀಲ್ ಬೇರಿಂಗ್ ಸಡಿಲ, ಹಾಗೇ ಉಳಿದರೆ ಕಿಂಗ್ ಪಿನ್. ಎಡಬಲ ಹಿಡಿದು ಅಲುಗಿಸಿದಾಗ ಆಟ ಬಂದರೆ ಟೈ ರಾಡ್ ಎಂಡು, ಲಿಂಕುಗಳು. ನೋಡಿ, ಬ್ರೇಕ್ ಮೊದಲು ಮಾಡಿ ಅಂದದ್ದಕ್ಕೆ ಇದೂ ಒಂದು ಕಾರಣ, ಬ್ರೇಕಿಲ್ಲದೆ ಈ ಪರೀಕ್ಷೆಯೇ ಆಗದು.

ಕಿಂಗ್ ಪಿನ್ ಬೇರಿಂಗು ಮೇಲೊಂದು, ಕೆಳಗೊಂದು. ಎರಡರ ಮುಚ್ಚಳದಡಿಯೂ ಸಂದು ಹೊಂದಿಸುವ ತೆಳು ತಗಡಿನ ಬಿಲ್ಲೆಗಳು, ಅಂದರೆ ಶಿಮ್ಮುಗಳಿರುತ್ತವೆ. ಬೇರಿಂಗ್ ಬದಲಿಸಿ ಹಳೆಯ ಶಿಮ್ಮುಗಳನ್ನೇ ಹಾಗೇ ಹಾಕಿ ಬಿಗಿಯುವುದು ಗ್ಯಾರೇಜಿನ ರೂಢಿ, ನಡುಕ ಮರಳಿ ಬರುವುದೂ ಅದರಿಂದಲೇ. ಟೈ ರಾಡ್ ಬಿಚ್ಚಿ, ಎಣ್ಣೆ ಸೀಲ್ ಹಾಕುವ ಮುಂಚೆ, ಟೈ ರಾಡ್ ಕೂರುವ ರಂಧ್ರಕ್ಕೆ ನಿಮ್ಮ ತೋಟದ ಕೊಕ್ಕೆ ತಕ್ಕಡಿ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. ನಕಲ್ (ಚಕ್ರ ಹೊತ್ತು ಎಡಬಲ ತಿರುಗುವ ಭಾಗ) ತಿರುಗಲು ಎಷ್ಟು ಎಳೆತ ಬೇಕೋ ಅದನ್ನು ಸರ್ವಿಸ್ ಮ್ಯಾನ್ಯುಯಲ್ಲಿನ ಅಂಕಿಗೆ ತರಬೇಕು. ಸಡಿಲವಾಗಿ ತಿರುಗಿದರೆ ಶಿಮ್ ತೆಗೆಯಿರಿ, ಬಿಗಿಯಾದರೆ ಸೇರಿಸಿ. ಮೇಲಿಂದ ಎಷ್ಟು ತೆಗೆದಿರೋ ಕೆಳಗಿಂದಲೂ ಅಷ್ಟೇ, ಇಲ್ಲದಿದ್ದರೆ ಒಳಗಿನ ಆಕ್ಸಲ್ ಮಧ್ಯಕ್ಕೆ ಕೂರುವುದಿಲ್ಲ. ತಾಳ್ಮೆಯಿಂದ ಮಾಡಿದರೆ ಒಂದು ಬದಿಗೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಬಿಚ್ಚಿದಾಗಲೇ ನಕಲ್ಲಿನ ಗುಂಡುಭಾಗದ ಹೊಳಪು ಮೇಲ್ಮೈ ನೋಡಿ. ತುಕ್ಕಿನ ಗುಳಿ ಬಿದ್ದಿದ್ದರೆ ಎಷ್ಟು ಸೀಲ್ ಹಾಕಿದರೂ ಎಣ್ಣೆ ಸೋರಿ, ಅದೇ ದಾರಿಯಲ್ಲಿ ಹಳ್ಳದ ನೀರು ಒಳಗೆ ಹೋಗುತ್ತದೆ.

ಫೋರ್‌ವೀಲ್ ಲಿವರಿಗೆ ಬರೋಣ. ನಿಮ್ಮ ಜೀಪಿನ ಟ್ರಾನ್ಸ್‌ಫರ್ ಕೇಸು ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿದ್ದ ಸ್ಪೈಸರ್ 18ರ ವಂಶದ್ದು. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದಾಗಿನಿಂದ ಅದೇ ವಿನ್ಯಾಸ ಬೆಳೆದುಕೊಂಡು ಬಂತು. ನಿಮಗಿದರ ಲಾಭ ಏನೆಂದರೆ, ಹಳೆಯ ವಿಲ್ಲಿಸ್ ಮ್ಯಾನ್ಯುಯಲ್ಲಿನ ಚಿತ್ರ ನೋಡಿಯೇ ಬಹುಪಾಲು ಅರ್ಥವಾಗುತ್ತದೆ. ಗೇರ್ ಲಿವರಿನ ಪಕ್ಕ ಎರಡು ಪುಟ್ಟ ಲಿವರ್, ಒಂದು ಮುಂದಿನ ಚಕ್ರಗಳಿಗೆ, ಇನ್ನೊಂದು ಹೈ-ಲೋಗೆ (ಸಾಮಾನ್ಯ ಓಟಕ್ಕೆ ಹೈ, ನಿಧಾನದ ಗಟ್ಟಿ ಎಳೆತಕ್ಕೆ ಲೋ). ಎರಡರ ರಾಡುಗಳ ನಡುವೆ ಒಂದು ಸಣ್ಣ ಲೋಹದ ಗುಳಿಗೆ ಇರುತ್ತದೆ. ಮುಂದಿನ ಚಕ್ರ ಸೇರದೆ ಲೋ ಬೀಳದಂತೆ ಅದು ತಡೆಯುತ್ತದೆ, ಲೋ ಗೇರಿನ ಎಳೆತವೆಲ್ಲ ಹಿಂದಿನ ಆಕ್ಸಲ್ಲಿನ ಮೇಲೇ ಬೀಳದಿರಲಿ ಎಂದು. ಅಂದರೆ ಒಂದು ಲಿವರ್ ಹಿಡಿದುಕೊಂಡರೆ ಎರಡೂ ಸತ್ತ ಹಾಗೆ. ಕೇಸ್ ಕೆಟ್ಟಿದೆ ಎಂದು ಇಳಿಸಲು ಹೊರಡಬೇಡಿ.

ಹಿಡಿದುಕೊಳ್ಳಲು ಕಾರಣ ಎರಡೇ. ಒಂದು, ಲಿವರುಗಳು ಕೂತ ಪಿನ್ನಿಗೆ ಗ್ರೀಸ್ ಕಾಣದೆ ತುಕ್ಕು ಹಿಡಿದಿರುವುದು. ಪಿನ್ನಿಗೂ ರಾಡುಗಳು ಕೇಸಿನಿಂದ ಹೊರಬರುವ ಜಾಗಕ್ಕೂ ಡೀಸೆಲ್ ಬೆರೆಸಿದ ಆಯಿಲ್ ದಿನಾ ಬೆಳಗ್ಗೆ ಸಂಜೆ ಬಿಡಿ, ವಾರ ಬಿಟ್ಟು ಮರದ ಕೊಡತಿಯಿಂದ ತಟ್ಟಿ. ಎರಡು, ಕೊನೆಯ ಸಲ ಫೋರ್‌ವೀಲ್ ಹಾಕಿಕೊಂಡೇ ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿರುವುದು. ಆಗ ಮುಂದಿನ ಹಿಂದಿನ ಶಾಫ್ಟುಗಳ ನಡುವೆ ತಿರುಚು ಉಳಿದು ಗೇರು ಕಚ್ಚಿಕೊಂಡಿರುತ್ತದೆ. ಮುಂದಿನ ಒಂದು ಚಕ್ರ ಜಾಕಿಯಲ್ಲಿ ಎತ್ತಿದರೆ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಇವೆರಡೂ ಆದ ಮೇಲೂ ಬೀಳದಿದ್ದರೆ ಮಾತ್ರ ಕೇಸ್ ಬಿಚ್ಚಿ. ಬಿಚ್ಚಿದರೆ ಮಧ್ಯದ ಶಾಫ್ಟು ಕೂರುವ ರಂಧ್ರ ಸವೆದಿದೆಯೇ ನೋಡಿ, ಈ ಕೇಸುಗಳು ಎಣ್ಣೆ ತೊಟ್ಟಿಕ್ಕಲು ಮುಖ್ಯ ಕಾರಣ ಅದು. ಒಳ್ಳೆಯ ಲೇತಿನವರು ಬುಶ್ ಹೊಡೆದು ಕೊಡುತ್ತಾರೆ. ಹಿಂದಿನ ಸೀಲಿನಿಂದ ಸೋರುವ ಎಣ್ಣೆ ನೇರ ಹ್ಯಾಂಡ್‌ಬ್ರೇಕಿನ ಲೈನರಿಗೇ ಹೋಗುವುದರಿಂದ ಇದನ್ನು ‘ಜೀಪು ಅಂದ ಮೇಲೆ ಸೋರಲ್ವಾ’ ಎಂದು ಬಿಡುವ ಹಾಗಿಲ್ಲ.

ಬಾಡಿ. ನೆಲದ ತಗಡು ಕತ್ತರಿಸುವ ಮುಂಚೆ ಎಡಬಲದ ಗೋಡೆಗಳ ನಡುವೆ, ಹತ್ತಿ ಇಳಿಯುವ ಜಾಗದಲ್ಲಿ, ಕಬ್ಬಿಣದ ಆ್ಯಂಗಲ್ ಪಟ್ಟಿ ಅಡ್ಡ ಬೆಸೆದು ಕಟ್ಟಿ. ಇಲ್ಲದಿದ್ದರೆ ನೆಲ ಹೋದ ತಕ್ಷಣ ಬಾಡಿ ಕಿವುಚಿಕೊಂಡು, ಆಮೇಲೆ ಬಾನೆಟ್ಟು, ವಿಂಡ್‌ಶೀಲ್ಡ್ ಯಾವುದೂ ಸೇರುವುದಿಲ್ಲ. ಟೇಪ್ ಹಿಡಿದು ಅಳೆಯುವುದಕ್ಕಿಂತ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು ತಗಡಿನ ಮೇಲಿಟ್ಟು ಗೀರಿ. ನೆಲಕ್ಕೆ 16 ಗೇಜು, ಪಕ್ಕಗಳಿಗೆ 18 ಗೇಜು ತಗಡು ಸರಿ. ಸಾಮಾನ್ಯ ಆರ್ಕ್ ವೆಲ್ಡಿಂಗಿನಲ್ಲಿ ತೆಳು ತಗಡು ತೂತು ಬೀಳುತ್ತದೆ, ಮಿಗ್ ವೆಲ್ಡಿಂಗ್ ಇರುವವರನ್ನೇ ಶೆಡ್ಡಿಗೆ ಕರೆಸಿ. ಹಳೆಯ ತಗಡಿನ ಮೇಲೆ ಹೊಸದನ್ನು ಹೊದೆಸಿ ಬೆಸೆಯಲು ಬಿಡಬೇಡಿ. ಎರಡರ ನಡುವೆ ನೀರು ನಿಂತು ಮೂರು ಮಳೆಗಾಲದಲ್ಲಿ ಮತ್ತೆ ಅದೇ ಕಥೆ. ತುಕ್ಕಿನ ಅಂಚು ದಾಟಿ ಒಳ್ಳೆಯ ಕಬ್ಬಿಣ ಸಿಗುವವರೆಗೆ ಕತ್ತರಿಸಿ ಅಂಚಿಗೆ ಅಂಚು ಸೇರಿಸಬೇಕು. ಬೆಸೆಯುವಾಗ ಬ್ಯಾಟರಿ, ಆಲ್ಟರ್ನೇಟರ್ ವೈರ್ ಬಿಚ್ಚಿಡಿ, ಡೀಸೆಲ್ ಟ್ಯಾಂಕ್ ಶೆಡ್ಡಿನಾಚೆ ಇರಲಿ. ಖಾಲಿ ಟ್ಯಾಂಕಿಗೆ ಬೆಂಕಿ ಮುಟ್ಟಿಸುವುದು ತುಂಬಿದ್ದಕ್ಕಿಂತ ಅಪಾಯ.

ಪೌಡರ್ ಕೋಟಿಂಗ್ ಬಗ್ಗೆ ಕೇಳಿದಿರಿ. ಹೊಸ ಕಬ್ಬಿಣಕ್ಕೆ ಅದು ಚೆಂದ. ಗುಳಿ ಬಿದ್ದ ಹಳೆಯ ಚಾಸಿಗೆ ನನ್ನ ಮತ ಇಲ್ಲ. ಎಲ್ಲೋ ಒಂದು ಕಲ್ಲು ಬಡಿದು ಸಿಪ್ಪೆ ಎದ್ದರೆ ಅದರಡಿ ನೀರು ಹರಿಯುತ್ತದೆ, ಮೇಲೆ ಮಾತ್ರ ಹೊಳೆಯುತ್ತಿರುತ್ತದೆ. ಮುಂದೆ ಒಂದು ಬ್ರಾಕೆಟ್ ಬೆಸೆಯಬೇಕಾದರೂ ಸುತ್ತ ಸುಟ್ಟುಹೋಗುತ್ತದೆ. ಎಪಾಕ್ಸಿ ಪ್ರೈಮರ್ ಎರಡು ಕೋಟು, ಮೇಲೆ ಕಪ್ಪು ಚಾಸಿ ಪೇಂಟು, ಚಾನಲ್ಲಿನ ಒಳಮೈಗೆ ಮೇಣದ ಲೇಪ, ಇಷ್ಟು ಸಾಕು. ಗೀರು ಬಿದ್ದಲ್ಲಿ ಬ್ರಶ್ಶಿನಲ್ಲಿ ನೀವೇ ತಿದ್ದಬಹುದು. ಪೇಟೆಯ ರೆಡ್ ಆಕ್ಸೈಡ್ ಹೊಡೆದು ‘ಮೇಲಿನ ಬಣ್ಣ ಆಮೇಲೆ ನೋಡೋಣ’ ಎಂದು ಬಿಟ್ಟರೆ ಅದು ನೀರು ಹೀರಿಕೊಂಡು ಒಳಗೇ ತುಕ್ಕು ಎಬ್ಬಿಸುತ್ತದೆ.

ಕ್ಯಾಲೆಂಡರನ್ನೂ ತೋಟ ನೋಡಿಯೇ ಹಾಕಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಉಜ್ಜಿದ ಕಬ್ಬಿಣ ಊಟ ಮಾಡಿ ಬರುವಷ್ಟರಲ್ಲಿ ಕೆಂಪಾಗಿರುತ್ತದೆ, ಆಗ ಬಣ್ಣದ ಮಾತು ಎತ್ತಬೇಡಿ. ಮಳೆಗಾಲ ಪೂರ್ತಿ ಬ್ರೇಕು, ಹೌಸಿಂಗು, ಟ್ರಾನ್ಸ್‌ಫರ್ ಕೇಸು. ನವೆಂಬರ್‌ನಿಂದ ಕೊಯ್ಲು ಮುಗಿಯುವ ತನಕ ಜೀಪಿಗೆ ರಜೆ. ಅರೇಬಿಕಾ, ರೋಬಸ್ಟಾ ಎರಡೂ ಕಣದಿಂದ ಎದ್ದ ಮೇಲೆ ತಗಡು, ಬಣ್ಣ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಮಾತ್ರ ಪೇಂಟಿನ ಸ್ಪ್ರೇ ಗನ್ ಮುಟ್ಟಬೇಡಿ. ದುಡ್ಡಿನ ಲೆಕ್ಕಕ್ಕೂ ಈ ಕ್ರಮವೇ ಅನುಕೂಲ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ನುಂಗುವುದು ಟಿಂಕರಿಂಗ್ ಮತ್ತು ಪೇಂಟಿಂಗ್ ಕೂಲಿ. ಅದು ಕೊನೆಗೆ ಬರುವುದರಿಂದ ದುಡ್ಡು ಸಾಲದಿದ್ದರೂ ಬಣ್ಣಗೆಟ್ಟ, ಆದರೆ ನಿಲ್ಲುವ, ಓಡುವ ಜೀಪಂತೂ ಕೈಯಲ್ಲಿರುತ್ತದೆ. ಬಿಡಿಭಾಗಕ್ಕೆ ಮೊದಲು ಚಿಕ್ಕಮಗಳೂರು, ಹಾಸನದ ಹಳೆಯ ಜೀಪ್ ಅಂಗಡಿಗಳಲ್ಲಿ ಕೇಳಿ. ಸಿಗದಿದ್ದದ್ದರ ಪಟ್ಟಿ ಮಾಡಿಕೊಂಡು ಒಂದೇ ಸಲ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ. ಒಂದೇ ಹೆಸರಿನಲ್ಲಿ ಎರಡು ಮೂರು ಅಳತೆಯ ಸೀಲು, ಬೇರಿಂಗು ಬರುತ್ತವೆ. ಬೇರಿಂಗಿನ ಮೇಲೆ ಕೊರೆದ ನಂಬರ್ ಬರೆದುಕೊಂಡರೆ ಜೀಪಿನ ಹೆಸರೇ ಹೇಳಬೇಕಿಲ್ಲ.

ಕೊನೆಗೆ ಟಯರು. ಈ ಜೀಪಿನಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ, ಫೋರ್‌ವೀಲ್ ಹಾಕಿದರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ ಹೊಸದು, ಹಿಂದೆ ಸವೆದದ್ದು, ಸ್ಟೆಪ್ನಿಗೆ ಬೇರೆ ಸೈಜು ಹೀಗೆ ಹಾಕಿದರೆ ನೀವು ಬಿಡಿಸಿದ ಲಿವರು ಮತ್ತೆ ಕಚ್ಚಿಕೊಳ್ಳುತ್ತದೆ. ಐದೂ ಒಂದೇ ಅಳತೆಯವು ಹಾಕಿ, ಫೋರ್‌ವೀಲನ್ನು ಕೆಸರು, ಮಣ್ಣಿನಲ್ಲಿ ಮಾತ್ರ ಬಳಸಿ, ಟಾರು ಸಿಕ್ಕಿದ ಕೂಡಲೇ ಬಿಡಿಸಿ. ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ಕಮಾನು ಪಟ್ಟಿಯ ಯು-ಬೋಲ್ಟುಗಳು, ವೀಲ್ ನಟ್ಟು, ಜಾಯಿಂಟ್ ಶಾಫ್ಟಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ, ಹೊಸದಾಗಿ ಕೂತದ್ದು ಅಷ್ಟರಲ್ಲಿ ಸಡಿಲಾಗಿರುತ್ತದೆ. ಚಾಸಿ ಬಡಿದು ನೋಡಿದಾಗ ಹಿಂದಿನ ಅಡ್ಡಪಟ್ಟಿಯಲ್ಲಿ ಬೊದ್ದು ಶಬ್ದ ಬಂದರೆ ಆ ಭಾಗ ಕೆರೆದು ಫೋಟೊ ಕಳಿಸಿ, ತೇಪೆ ಹಾಕಬಹುದೋ ಪೂರ್ತಿ ಬದಲಿಸಬೇಕೋ ನೋಡಿ ಹೇಳುತ್ತೇನೆ.